ಅಂಜನಾ ಒಪ್ಪಿಗೆ ಮಾತ್ರ ಬಾಕಿ

"ರೀ ಚಿದಾನಂದ್, ನನ್ನ ಒಪ್ಪಿಗೆ ಬಾಕಿ ಅಂತ ಬರೆಯೋಕೆ ನಿಮಗೆಷ್ಟು ಧೈರ್ಯ?"

ಅಂಜನಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಪಾಪ, ಅವಳ ಕೋಪಕ್ಕೂ ಕಾರಣ ಇತ್ತು ಅನ್ನಿ. ಕಣ್ಣೀರಿನ ನಾಳ ಕಟ್ಟಿಕೊಂಡು ಸದಾ ಕಣ್ಣಲ್ಲಿ ನೀರು ಸುರಿಯುವವರಿಗೆ ಹಾಕುವ, ದಾರದಷ್ಟು ಸಣ್ಣ ಸಿಲಿಕೋನ್ ಟ್ಯೂಬು, ಜೆ.ಪಿ. ನಗರದ ಆ ಪುಟ್ಟ ಕಂಪನಿ ಮೂರು ವರ್ಷ ಒದ್ದಾಡಿದ್ದು ಅದಕ್ಕೇ. ಟ್ಯೂಬು ಮಾಡಿದವನು ಚಿದಾನಂದ್. ಸರ್ಕಾರದ ಲೈಸೆನ್ಸ್ ತರೋ ಜವಾಬ್ದಾರಿ ಅಂಜನಾಳದು.

ಎಲ್ಲಾ ಮುಗೀತು ಅನ್ನೋ ಹೊತ್ತಿಗೆ ಅಧಿಕಾರಿಗಳಿಂದ ಒಂದು ಪ್ರಶ್ನೆ. ರೋಗಿಗಳಿಗೆ ಕೊಡುವ ಕನ್ನಡ ಮಾಹಿತಿ ಹಾಳೆಯ ಕೆಳಗೆ 'ಎಲ್ಲರೂ ಒಪ್ಪಿದ್ದಾರೆ, ಅಂಜನಾ ಒಪ್ಪಿಗೆ ಮಾತ್ರ ಬಾಕಿ' ಎಂದಿದೆ. ಈ ಅಂಜನಾ ಯಾರು? ಅವರೇಕೆ ಒಪ್ಪಿಲ್ಲ? ಸಹಿ ಮಾಡಿದ ಉತ್ತರ ಇವತ್ತು ಸಂಜೆ ಆರರೊಳಗೆ ಬರದಿದ್ದರೆ ಅರ್ಜಿ ರದ್ದು. ಆ ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಅವಳ ಕಣ್ಣಿಗೆ ಬಿದ್ದಾಗ ಐದೂ ಇಪ್ಪತ್ತು.

"ನಾನೇ ಲೇಟ್ ಮಾಡಿದ್ದು ಅಂತ ನಮ್ಮ ಬಾಸ್ ಸೋಮನಾಥ್ ಸಾರ್ ಮುಂದೆ ತೋರಿಸ್ಬೇಕಿತ್ತಾ?"

ಚಿದಾನಂದನ ಕಿವಿ ಕೆಂಪಾಯಿತು. "ಅದು ಫೈಲ್ ಬಗ್ಗೆ ಅಲ್ಲ."

"ಮತ್ತೆ?"

"ಈ ಹಾಳೆ ಟೈಪ್ ಮಾಡುವಾಗ ನಮ್ಮಕ್ಕ ವಾಟ್ಸಾಪ್‌ನಲ್ಲಿ ಕೇಳ್ತಿದ್ಲು. ಎರಡು ವಿಂಡೋನೂ ಓಪನ್ ಇತ್ತು. ಅವಳಿಗೆ ಹೋಗ್ಬೇಕಾದ ಉತ್ತರ ಹಾಳೇಲಿ ಟೈಪ್ ಆಗ್ಬಿಟ್ಟಿದೆ."

"ಏನ್ ಕೇಳಿದ್ರು?"

ಅವನು ಟ್ಯೂಬಿನ ಸ್ಯಾಂಪಲ್ ಪ್ಯಾಕೆಟ್ಟನ್ನು ಕೈಯಲ್ಲಿ ತಿರುಗಿಸಿದ. "ಮದುವೆ ವಿಷ್ಯ ಎಲ್ಲಿಗೆ ಬಂತು ಅಂತ."

ಅಯ್ಯೋ ಶಿವನೇ! ಇಂಥ ಮಾತು ಬರೋ ಹೊತ್ತಾ ಇದು? ಎರಡು ವರ್ಷ ಒಟ್ಟಿಗೆ ಬೈಟು ಕಾಫಿ ಕುಡಿದರೂ ಈ ಮನುಷ್ಯ ಬಾಯಿ ಬಿಟ್ಟಿರಲಿಲ್ಲ. ಆ ಸಾಲನ್ನು ನೋಡದೆ ಅಪ್‌ಲೋಡ್ ಮಾಡಿದವಳು ತಾನೇ. ಐದೂ ನಲವತ್ತು. ಅಂಜನಾ ಟೈಪ್ ಮಾಡಿದಳು: 'ಈ ಸಾಲು ತಪ್ಪಾಗಿ ಬಂದಿದೆ.'

"ಹಾಗೇ ಬರೀರಿ," ಅಂದ ಅವನು, ತಲೆ ಎತ್ತದೆ. "ತಪ್ಪು ಅಂತಾನೇ ಬರೀರಿ."

ಅವಳಿಗೆ ಮುಂದೆ ಬರೆಯಲಾಗಲಿಲ್ಲ. ಕಣ್ಣು ತುಂಬಿ ಬಂತು.

"ಅಳ್ತಿದೀರಾ? ನಾಳ ಬ್ಲಾಕ್ ಆಗಿದ್ರೆ ಟ್ಯೂಬ್ ಇದೆ," ಅಂದ, ಹೆದರಿಕೆಯಲ್ಲೇ.

"ಸುಮ್ನಿರಿ!"

ಬರೆದದ್ದನ್ನು ಅಳಿಸಿದಳು. ಹೊಸದಾಗಿ ಬರೆದಳು: 'ಆ ಸಾಲು ತೆಗೆದ ಹಾಳೆ ಲಗತ್ತಿಸಿದೆ. ಅಂಜನಾ ನಾನೇ. ನನ್ನ ಸಂಪೂರ್ಣ ಒಪ್ಪಿಗೆ ಇದೆ.' ಪ್ರಿಂಟ್ ತೆಗೆದು ಸಹಿ ಹಾಕಿ, ಸ್ಕ್ಯಾನ್ ಮಾಡಿ ಬಟನ್ ಒತ್ತಿದಳು. ಪರದೆಯ ಚಕ್ರ ಸುತ್ತುತ್ತಲೇ ಇತ್ತು. ಐದೂ ಐವತ್ತೈದು. ಐವತ್ತೇಳು. ಕರೆಂಟ್ ಹೋಗದಿದ್ದರೆ ಸಾಕಪ್ಪ ಅಂತ ಇಬ್ಬರೂ ಉಸಿರು ಬಿಗಿಹಿಡಿದು ಕೂತರು.

'ನಿಮ್ಮ ಉತ್ತರ ತಲುಪಿದೆ.'

ಚಿದಾನಂದ್ ನಿಧಾನಕ್ಕೆ ಕೇಳಿದ, "ಆ ಒಪ್ಪಿಗೆ... ಮಾಹಿತಿ ಹಾಳೆಗಾ?"

"ಹಾಳೆಗೆ ನಾನು ಹೋದ ತಿಂಗಳೇ ಒಪ್ಪಿದ್ದೆ ಕಣ್ರೀ, ದಡ್ಡ!" ಕಣ್ಣೊರೆಸಿಕೊಂಡು ಅವನ ಫೋನನ್ನು ಅವನ ಕೈಗೇ ಇಟ್ಟಳು. "ಅಕ್ಕಂಗೆ ಮೆಸೇಜ್ ಹಾಕಿ. ಈ ಸಲ ವಿಂಡೋ ನೋಡ್ಕೊಂಡು."