ಇಪ್ಪತ್ತಮೂರನೇ ಟೋಕನ್

"ಹದಿನಾಲ್ಕು ಆಗಲೇ ಹೋಯಿತು. ಮೂರು ಸಲ ಕರೆದೆ," ಎಂದ ಪ್ಯೂನ್ ಪೂವಪ್ಪ.

ಅಫೀಫಾ ನೀರು ಕುಡಿದು ಬಂದದ್ದು ಎರಡೇ ನಿಮಿಷ. ಅಷ್ಟರಲ್ಲಿ ಅವಳ ತಾಯಿಯ, ಉಮ್ಮನ, ನಂಬರ್ ದಾಟಿಹೋಗಿತ್ತು.

ಉಮ್ಮ ರಹ್ಮತ್‌ಗೆ ಕಿವಿ ಕೇಳಿಸುವುದಿಲ್ಲ. ಹೊಲಿಗೆ ಅಂಗಡಿ ತೆರೆಯಲು ನಗರಸಭೆಯ ಲೈಸೆನ್ಸ್ ಬೇಕು, ಅರ್ಜಿ ಕೊಡಲು ಇವತ್ತೇ ಕೊನೆಯ ದಿನ. ಕಳೆದ ವಾರ ಅವಳು ಒಬ್ಬಳೇ ಬಂದಿದ್ದಳು. ನಂಬರ್ ಕರೆದದ್ದು ತಿಳಿಯದೆ ಕೌಂಟರ್ ಮುಚ್ಚುವವರೆಗೆ ಕೂತು, ಅರ್ಜಿ ಮಡಚಿಕೊಂಡು ಮನೆಗೆ ಹೋಗಿದ್ದಳು. ಅದಕ್ಕೇ ಐದನೇ ಕ್ಲಾಸಿನ ಅಫೀಫಾ ಇವತ್ತು ಶಾಲೆಗೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಆದರೂ ಹೀಗಾಯಿತು.

"ಅಂಕಲ್, ಉಮ್ಮನಿಗೆ ಕೇಳುವುದಿಲ್ಲ."

"ನನಗೆ ಹೇಗೆ ಗೊತ್ತಾಗಬೇಕು ಮಾರಾಯ್ತಿ? ಮುಖದಲ್ಲಿ ಬರೆದಿರ್ತದಾ?"

ಪೂವಪ್ಪ ಹೊಸ ಟೋಕನ್ ಕೊಟ್ಟ. ಒಂದು ಗಂಟೆಗೆ ಕೌಂಟರ್ ಮುಚ್ಚುತ್ತದೆ ಎಂದೂ ಹೇಳಿದ.

ಟೋಕನ್ ಎಂದರೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಹಳೆಯ ಹಾಳೆ. ಹಿಂಬದಿಯಲ್ಲಿ ಪೆನ್ನಿನಿಂದ ಸಣ್ಣದಾಗಿ 23 ಎಂದು ಬರೆದಿತ್ತು. ಅಫೀಫಾ ಅದನ್ನು ತಿರುಗಿಸಿದಳು. ಮುಂಬದಿಯಲ್ಲಿ ಅಂಗೈಯಗಲದ ಕೆಂಪು 7, ಯಾವುದೋ ಭಾನುವಾರದ್ದು. ಅದು ಬಾಗಿಲಿನಿಂದಲೂ ಕಾಣುವಷ್ಟು ದೊಡ್ಡದಿತ್ತು.

ಕೇಳಲೋ ಬೇಡವೋ ಎಂದು ಎರಡು ಸಲ ಎದ್ದು ಎರಡು ಸಲ ಕೂತಳು. ಮೂರನೇ ಸಲ ಕೌಂಟರಿನ ಹತ್ತಿರ ಹೋದಳು.

"ಸರ್, ನಂಬರ್ ಕರೆಯುವಾಗ ಇಂಥ ಹಾಳೆ ತೂಗುಹಾಕಬಹುದಾ? ಒಂದರಿಂದ ಮೂವತ್ತೊಂದರವರೆಗೆ ಎಲ್ಲ ಉಂಟಲ್ಲ."

ಗುಮಾಸ್ತ ಜಯಪಾಲ ಕನ್ನಡಕ ಸರಿಮಾಡಿಕೊಂಡರು.

"ಮೂವತ್ತೆರಡನೆಯವರು ಎಂತ ಮಾಡುವುದು?" ಎಂದ ಪೂವಪ್ಪ.

"ತಿಂಗಳು ಮುಗಿದ ಮೇಲೆ ಪುನಃ ಒಂದನೇ ತಾರೀಕು ಬರ್ತದಲ್ಲ ಅಂಕಲ್."

ಜಯಪಾಲ ಜೋರಾಗಿ ನಕ್ಕರು. ಟೋಕನಿಗೆಂದು ಡ್ರಾಯರಿನಲ್ಲಿಟ್ಟಿದ್ದ ಜನವರಿಯ ಹಾಳೆಗಳ ಕಟ್ಟನ್ನು ತೆಗೆಯಲು ಪೂವಪ್ಪನಿಗೆ ಹೇಳಿದರು. ಅಫೀಫಾ ಹಾಳೆಗಳನ್ನು ಸಾಲಾಗಿ ಜೋಡಿಸಿಕೊಟ್ಟಳು. ಕೌಂಟರಿನ ಪಕ್ಕದ ಮೊಳೆಗೆ 18 ಏರಿತು.

ಎರಡು ಭಾಷೆಯ ಆ ಗಡಿ ಊರಿನಲ್ಲಿ ಪೂವಪ್ಪ ಮಲಯಾಳದಲ್ಲಿ ನಂಬರ್ ಕರೆದಾಗಲೆಲ್ಲ, ಬೆಂಚಿನಲ್ಲಿ ಕಾಯುತ್ತಿದ್ದ, ಆ ಭಾಷೆ ತಿಳಿಯದ ದೇವಕಿ ಅಜ್ಜಿ ಪಕ್ಕದವರನ್ನು ತನ್ನದಾ ಎಂದು ಕೇಳುತ್ತಿದ್ದರು. ಈಗ ತಮ್ಮ ನಂಬರ್ ಮೊಳೆಗೇರಿದ್ದೇ, ಅವನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಬಂದರು. ನಂಬರ್ ಕೇಳಿಸಲೆಂದು ಕೌಂಟರನ್ನು ಮುತ್ತಿಕೊಂಡಿದ್ದವರೂ ಒಬ್ಬೊಬ್ಬರಾಗಿ ಬೆಂಚಿಗೆ ಮರಳಿದರು.

ನಂಬರ್ ತೋರಿಸುವ ಲೈಟಿನ ಬೋರ್ಡು ಬೇಕೆಂದು ಸೆಕ್ರೆಟರಿಗೆ ಇವತ್ತೇ ಬರೆಯುತ್ತೇನೆ, ಅದು ಬರುವವರೆಗೆ ದಿನವೂ ಹೀಗೇ ನಡೆಯಲಿ ಎಂದರು ಜಯಪಾಲ. ಹಾಳೆ ಬದಲಿಸುವ ಕೆಲಸವನ್ನು ಪೂವಪ್ಪ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಹನ್ನೆರಡು ಮುಕ್ಕಾಲಿಗೆ 23 ಏರಿತು.

ಅಫೀಫಾ ತಿರುಗುವಷ್ಟರಲ್ಲಿ ಉಮ್ಮ ಎದ್ದು ನಡೆದಾಗಿತ್ತು. ಜಯಪಾಲ ಏನನ್ನೋ ಕೇಳಲು ಅಫೀಫಾಳ ಕಡೆ ನೋಡಿದರು. ಉಮ್ಮ ಮೇಜನ್ನು ಮೆಲ್ಲಗೆ ತಟ್ಟಿ, ಬರೆದು ಕೇಳಿ ಎಂದು ಸನ್ನೆ ಮಾಡಿದಳು; ಅವರು ಬರೆದದ್ದನ್ನು ಓದಿ, ಪೆನ್ನು ತೆಗೆದುಕೊಂಡು ಉತ್ತರವನ್ನು ತಾನೇ ಬರೆದಳು.

ನೆರವಿಗೆ ಹೋಗಬೇಕೆಂದು ಎದ್ದಿದ್ದ ಅಫೀಫಾ ಮತ್ತೆ ಕೂತಳು. ಉಮ್ಮ ಕೌಂಟರಿನ ಮುಂದೆ ಒಬ್ಬಳೇ ನಿಂತದ್ದನ್ನು ಅವಳು ಈವರೆಗೆ ನೋಡಿರಲಿಲ್ಲ. ಹೀಗೆ ನಿಂತಾಗ ಉಮ್ಮ ಎಷ್ಟು ಎತ್ತರ!