ಕೊಂಬೆ ಹೊದ್ದ ಅಗಾತ

"ಒಂದು ಕೊಂಬೆ ಹಾಕಿ ಮುಂದೆ ಹೋಗಿ, ಸಾಹೇಬ್ರೇ. ತೆಗೀಬೇಡಿ ಅಷ್ಟೆ," ಎಂದಳು ಅಪೊಲೊನಿಯಾ ಅಜ್ಜಿ, ಅಣಬೆ ಬುಟ್ಟಿಯನ್ನು ಪಾಚಿಯ ಮೇಲಿಳಿಸುತ್ತ.

ಸೆವೆರಿನ್ ನಕ್ಕ. ಕಾಡುದಾರಿಯುದ್ದಕ್ಕೂ ಫಲಕ ನೆಡಲೆಂದೇ ಪಂಚಾಯಿತಿಯವರು ಅವನನ್ನು ವಾರ್ಸಾದಿಂದ ಕರೆಸಿದ್ದರು: ಇದು ಹಿಮಯುಗದ ಕೆರೆ, ಇದು ನಾನೂರು ವರ್ಷದ ಓಕ್, ಇದು ಜೇನಿಗೆಂದು ಪೊಟರೆ ಕೊರೆದ ಪೈನ್. ಪರಂಪರೆ ಯಾವುದೇ ಇರಲಿ, ಅವನ ಫಲಕದಲ್ಲಿ ನಾಲ್ಕು ಸಾಲಿಗೆ ಮುಗಿಯಬೇಕು. ಗೋರಿಯಂಥ, ಆಳೆತ್ತರದ ಈ ಕೊಂಬೆರಾಶಿ ಮಾತ್ರ ದಾರಿಗೇ ಅಡ್ಡ ಕೂತಿತ್ತು.

"ಯಾರಜ್ಜಿ ಇದರಡಿ? ನಿಮ್ಮ ಯಜಮಾನ್ರಾ?"

"ಕುಶಾಲು ಬೇಡ. ಅಗಾತ ಅಂತ. ಕಳೆದ್ಹೋದ ಮಗಳನ್ನ ಹುಡುಕ್ತಾ ಹಿಮದಲ್ಲಿ ಸತ್ಲು. ಊರೋರು ಒಬ್ರೂ ಜೊತೇಲಿ ಹೋಗ್ಲಿಲ್ಲ. ಶಾಪ ಹಾಕ್ಕೊಂಡೇ ಸತ್ಲು. ಹೋಗ್ತಾ ಬರ್ತಾ ಒಂದೊಂದು ಕೊಂಬೆ ಹೊದಿಸ್ತೀವಿ. ಬೆಚ್ಚಗಿದ್ರೆ ಮಲಗಿರ್ತಾಳೆ. ಹೊದಿಕೆ ಎಳೆದ್ರೆ, ಎದ್ದು ಹುಡುಕ್ತಾಳೆ." ಅಜ್ಜಿಯ ಕಣ್ಣು ಪಕ್ಕದ ಪೊದೆಗಳತ್ತ ಹೊರಳಿತು. "ನಿಮಗೂ ಒಬ್ಳು ಇದಾಳಲ್ಲ."

ಆರು ವರ್ಷದ ಕಲೀನಾ. ತಾಯಿ ತೀರಿಕೊಂಡ ಐದು ತಿಂಗಳಿಂದ ಅಪ್ಪನ ಅಂಗಿಯ ಚುಂಗು ಬಿಟ್ಟಿರದವಳು, ಇವತ್ತೇ ಮೊದಲ ಸಲ ಹತ್ತು ಹೆಜ್ಜೆ ದೂರ ಹೋಗಿ ಬ್ಲೂಬೆರಿ ಕೀಳುತ್ತಿದ್ದಳು. ಅವನಿಗೆ ಉಳಿದವಳೂ ಅವಳೊಬ್ಬಳೇ.

ಅಜ್ಜಿ ಕೊಂಬೆ ಹಾಕಿ, ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಹೊರಟುಹೋದಳು. ಸೆವೆರಿನ್ ಕೈಗವಸು ತೊಟ್ಟ.

ಮೇಲಿನವು ಹಗುರಾಗಿ ಬಂದವು. ಕೆಳಗಿನವು ಕಪ್ಪಗೆ ಕೊಳೆತಿದ್ದವು. ಮರದಂಟಿನ ಜೊತೆಗೆ ಒದ್ದೆ ಉಣ್ಣೆಯ ವಾಸನೆ. ತೀರಾ ತಳದಲ್ಲಿ ನೆಲ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ.

ಮರಕುಟಿಗ ನಿಂತಿತು. ಸೊಳ್ಳೆಯ ಗುಂಯ್ ಕೂಡ ಅಡಗಿತು. ಮಟಮಟ ಮಧ್ಯಾಹ್ನದಲ್ಲೇ ಪೈನ್‌ಗಳ ನಡುವೆ ಕತ್ತಲು ಕವಿಯಿತು.

"ಕಲೀನಾ?"

ಹಣ್ಣಿನ ಡಬ್ಬಿ ಇತ್ತು. ಅವಳಿರಲಿಲ್ಲ.

ಓಡಿದ. ಕೂಗಿದ. ಎಲ್ಲೋ ಮುಂದೆ ಹೆಂಗಸಿನ ಜೋಗುಳ. ಹತ್ತಿರ ಹೋದಷ್ಟೂ ದೂರ. ಬಿದ್ದ. ಎದ್ದ. ತಿರುಗಿ ಕೊಂಬೆರಾಶಿಯಿದ್ದ ಜಾಗಕ್ಕೇ ಓಡಿಬಂದ. ಕೊಂಬೆ ಎಸೆದ. ಒಂದು. ಹತ್ತು. ನೂರು. ಕೈಗವಸು ಹರಿಯಿತು. ಉಗುರು ಕಿತ್ತುಬಂತು.

"ತಗೋ ತಾಯಿ! ಮಲಗು! ಅವಳು ನನ್ನ ಮಗಳು, ನಿನ್ನವಳಲ್ಲ!"

ಜೋಗುಳ ನಿಂತಿತು.

ಮರಗಳ ನಡುವಿನಿಂದ ಕಲೀನಾ ನಡೆದು ಬಂದಳು. ಮೈಮೇಲೆ ಒಂದು ಗೀರಿಲ್ಲ. ಯಾರೋ ಪ್ರೀತಿಯಿಂದ ಅವಳಿಗೆ ಜಡೆ ಹೆಣೆದಿದ್ದರು. ಸೆವೆರಿನ್ ಬಾಚಿ ತಬ್ಬಿಕೊಂಡು ಬಿಕ್ಕಿದ. ಅವಳು ಸೆಟೆದು ನಿಂತಳು. ಮರ್ಯಾದೆ ಕಲಿತ ಹುಡುಗಿ. ನೋವಾಗದಂತೆ ಬಿಡಿಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಅವನ ರಕ್ತದ ಬೆರಳುಗಳನ್ನೇ ನೋಡಿದಳು.

"ಯಾಕಳ್ತಿದೀರಿ, ಮಾಮ? ನಿಮ್ಮೋರೂ ಯಾರಾದ್ರೂ ಕಳೆದ್ಹೋದ್ರಾ?"