ಬೂದಿಯ ಬೆನ್ನು

"ಇದನ್ನ ಈ ಗತಿಗೆ ತಂದಿದ್ದು ಯಾರು?"

ಪಶು ಆಸ್ಪತ್ರೆಯ ಕಾಂಪೌಂಡರ್ ರಟ್ಟಿನ ಪೆಟ್ಟಿಗೆಯೊಳಗೆ ಇಣುಕಿ ಕೇಳಿದ. ಒಳಗೆ ಬೂದು ಬಣ್ಣದ ಹೇಂಟೆಯೊಂದು ಮುದುಡಿ ಕೂತಿತ್ತು. ಬೆನ್ನ ಮೇಲೆ ಅಂಗೈಯಗಲ ಪುಕ್ಕವೇ ಇರಲಿಲ್ಲ. ರಕ್ತ ಒಸರುತ್ತಿತ್ತು.

ಪೆಟ್ಟಿಗೆ ಹೊತ್ತು ತಂದವಳಿಗೆ ನಿಲ್ಲುವಷ್ಟೂ ತ್ರಾಣವಿರಲಿಲ್ಲ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬೆಳಗಿನಿಂದ ಷರಟುಗಳಿಗೆ ಕಾಜಾ ಹಾಕಿ ಹಾಕಿ ಬೆರಳು ಮರಗಟ್ಟಿದ್ದವು. ಗುಂಡಿ ತೂರುವ ಆ ಸಣ್ಣ ಕಂಡಿಗಳೇ ಅವಳ ಹೊಟ್ಟೆಪಾಡು. ಅಲ್ಲಿ ಎಲ್ಲರಿಗೂ ಅವಳು ಕಾಜಾ ಅಕ್ಕ.

"ನಮ್ಮನೆ ಹಿತ್ತಲಿನ ಕೋಳಿಗಳೇ. ಐದು ಸೇರಿ ಇದೊಂದನ್ನ ಕುಕ್ತಾವೆ. ಅದರಲ್ಲೂ ಒಬ್ಬಳಿದ್ದಾಳೆ, ಮೇಡಂ ಅಂತ ಕರೀತೀವಿ. ಇದರ ಹೆಸರು ಬೂದಿ. ಇದು ಕಾಳಿಗೆ ಬಾಯಿ ಹಾಕಿದ್ರೆ ಸಾಕು, ಬಂದು ಬೆನ್ನೇರ್ತಾಳೆ... ಪಾಪ ಅಂತ ಮೂರು ವಾರ ನನ್ನ ಕೋಣೇಲೇ ಇಟ್ಕೊಂಡಿದ್ದೆ. ಗಾಯ ಒಣಗಿತ್ತು. ನಿನ್ನೆ ಹೊರಗೆ ಬಿಟ್ಟೆ ನೋಡಿ..."

"ಹಾಗಾದ್ರೆ ಈ ಗತಿಗೆ ತಂದಿದ್ದು ನೀವೇ," ಅಂದ ಅವನು, ಹತ್ತಿಯಲ್ಲಿ ಗಾಯ ಒರೆಸುತ್ತಾ. "ಮೂರು ವಾರ ಕಣ್ಣಿಗೆ ಬೀಳದಿದ್ರೆ ಅವಕ್ಕೆ ಇದು ಹೊಸಬಳು. ಹತ್ತಿರ ಸೇರಿಸಲ್ಲ. ಕುಕ್ಕಿದವಳನ್ನ ಬಿಟ್ಟು, ಕುಕ್ಕಿಸಿಕೊಂಡವಳನ್ನ ಯಾಕ್ರೀ ಗುಂಪಿನಿಂದ ಹೊರಗೆ ಹಾಕಿದ್ರಿ?"

ಅವಳ ಕಣ್ಣು ತುಂಬಿ ಬಂತು. ಮಾತು ಹೋಗಿ ಬೇರೆಲ್ಲೋ ತಾಕಿತ್ತು...

ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದು ಅವಳಿಗೆ ಎರಡು ವರ್ಷವಾಗಿತ್ತು. ಹೋಗು ಎಂದು ಯಾರೂ ಅಂದಿರಲಿಲ್ಲ. ಆದರೆ ಮೊದಲು ಅವಳದಾಗಿದ್ದ ಕೋಣೆ ಈಗ ಮಕ್ಕಳದು, ಅವಳಿಗೆ ಸಾಮಾನಿನ ಕೋಣೆ. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣುವುದು ರೂಢಿಯಾಗಿಬಿಟ್ಟಿತ್ತು.

ಕಾಂಪೌಂಡರನ ದನಿ ಇಳಿಯಿತು. "ಬೇಜಾರಾಗ್ಬೇಡಿ. ಇದಕ್ಕೆ ದಾರಿ ಇದೆ."

"ಬೇಗ ಆಗ್ಬೇಕು. ಉಳಿದವುಗಳ ಜೊತೆ ಹೊಂದ್ಕೊಂಡ್ರೆ ಸರಿ, ಇಲ್ಲಾಂದ್ರೆ ಬೂದಿನ ಪಾತ್ರೆಗೆ ಹಾಕ್ತೀನಿ ಅಂದಿದ್ದಾರೆ ನಮ್ಮ ಅತ್ತಿಗೆ."

"ನಾಳೆ ಸಂಜೆ ಬರ್ತೀನಿ. ಮನೆ ಎಲ್ಲಿ?"

ಹೇಳಿದ ಹಾಗೆ ಬಂದ. ಮೇಡಂನನ್ನು ಒಂದೇ ಹಿಡಿತಕ್ಕೆ ಹಿಡಿದು ಬುಟ್ಟಿಗೆ ಹಾಕಿದ.

"ಹತ್ತು ದಿನ ಇವಳು ನಮ್ಮನೇಲಿರ್ಲಿ. ಜಾಗ ಬಿಟ್ರೆ ದೊಡ್ಡಸ್ತಿಕೆ ತಾನಾಗೇ ಇಳಿಯುತ್ತೆ."

ಬೂದಿಗೆ ಹಿತ್ತಲಿನಲ್ಲೇ ತಂತಿ ಬಲೆಯ ಒಂದು ಮರೆ ಕಟ್ಟಿಕೊಟ್ಟ. ಎಲ್ಲವೂ ಒಂದನ್ನೊಂದು ನೋಡಬಹುದು, ಕೊಕ್ಕು ಮಾತ್ರ ತಾಕದು. ಕೆಂಪು ಕಂಡರೆ ಕುಕ್ಕುತ್ತವೆಂದು ಗಾಯಕ್ಕೆ ನೇರಳೆ ಔಷಧಿ ಬಳಿದ. ಅವಳು ಖಾಕಿ ಚೂರೊಂದನ್ನು ಕತ್ತರಿಸಿ ಬೂದಿಯ ಬೆನ್ನಿಗೆ ಹೊದಿಕೆ ಹೊಲಿದಳು. ರೆಕ್ಕೆ ತೂರಲು ಎರಡು ಪಟ್ಟಿ, ಎದೆಯ ಹತ್ತಿರ ಒಂದು ಗುಂಡಿ.

"ಕೋಳಿಗೂ ಯೂನಿಫಾರ್ಮ್ ಬಂತು, ಇನ್ನು ಶಾಲೆಗೆ ಸೇರಿಸೋದೊಂದು ಬಾಕಿ," ಅಂದ ಅವನು.

ಅವಳು ನಕ್ಕುಬಿಟ್ಟಳು. ನಕ್ಕು ಎಷ್ಟು ದಿನವಾಗಿತ್ತೋ!

ಆಮೇಲೆ ಎರಡು ದಿನಕ್ಕೊಮ್ಮೆ ಗಾಯ ನೋಡಲು ಬರತೊಡಗಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದ. ಹಸು ಒದ್ದದ್ದು, ನಾಯಿ ಕಚ್ಚಿದ್ದು ಹೇಳುತ್ತಿದ್ದ. "ಮನೆಗೆ ಹೋದ್ರೆ ಬೀಗ ನಾನೇ ತೆಗೀಬೇಕು," ಎಂದ ಒಂದು ದಿನ. ಅವನು ಬರುವ ದಿನ ಅವಳು ಕಾರ್ಖಾನೆಯಿಂದ ಬೇಗ ಹೆಜ್ಜೆ ಹಾಕುತ್ತಿದ್ದಳು. ಹಾಗೆ ಹಾಕುತ್ತಿರುವುದು ತಿಳಿದಾಗ ಹೆದರಿಕೆಯೂ ಆಯಿತು.

ಎಂಟನೆಯ ದಿನ ಬಲೆ ತೆಗೆದರು. ಒಂದು ಕೋಳಿ ಹತ್ತಿರ ಬಂದು ಖಾಕಿ ಬಟ್ಟೆಯನ್ನು ಒಮ್ಮೆ ಎಳೆದು ನೋಡಿ ಸುಮ್ಮನಾಯಿತು. ವಾರ ಕಳೆಯುವುದರೊಳಗೆ ಬೂದಿ ಎಲ್ಲರ ನಡುವೆ ನಿಂತು ಕಾಳು ತಿಂದಿತು.

ಮೇಡಂ ಮಾತ್ರ ಬರಲಿಲ್ಲ. ಕೇಳಿದಾಗಲೆಲ್ಲ "ಇನ್ನೆರಡು ದಿನ" ಅನ್ನುತ್ತಿದ್ದ. ತಿಂಗಳಾಯಿತು.

"ಮೇಡಂ ಎಲ್ಲಿ ಅಂತ ಅವನ ಹೊಟ್ಟೇನ ಕೇಳು," ಅಂದರು ಅತ್ತಿಗೆ. "ದಿನಾ ಮೊಟ್ಟೆ ಇಡೋ ಕೋಳಿ ಹೋಯ್ತು, ಮೊಟ್ಟೆ ಇಡದೆ ತಿನ್ನೋದು ಉಳೀತು. ಭಾನುವಾರದೊಳಗೆ ಮೇಡಂ ಬರದಿದ್ರೆ ಬೂದಿನ ಪಾತ್ರೆಗೆ ಹಾಕ್ತೀನಿ."

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು ಅತ್ತಿಗೆ..."

"ಕೋಳಿನ ಕೇಳಿ ಮಸಾಲೆ ಅರೀತಾರಾ?"

ಶನಿವಾರ ಸಂಜೆ ಅವನು ಬಂದು ಕಲ್ಲಿನ ಮೇಲೆ ಕೂತ. ಅವಳು ನಿಂತೇ ಇದ್ದಳು.

"ತಿಂದಿದ್ರೆ ತಿಂದೆ ಅಂತ ಹೇಳಿಬಿಡಿ."

"ಏನು?"

"ಕುಡಿಯೋದು ಇನ್ನೆರಡು ದಿನ, ಬಿಟ್ಟುಬಿಡ್ತೀನಿ ಅಂತ ನನ್ನ ಗಂಡನೂ ಹೇಳ್ತಿದ್ದ. ಆರು ವರ್ಷ ನಂಬಿದೆ. ನಂಬೋದಕ್ಕೂ ಶಕ್ತಿ ಬೇಕು, ನನ್ನ ಹತ್ರ ಉಳಿದಿಲ್ಲ. ನಾಳೆ ಬೂದಿನ ಕೊಯ್ತಾರೆ. ಮೇಡಂ ಬರದಿದ್ದಕ್ಕೆ."

ಅವನ ಮುಖ ಬಿಳುಚಿಕೊಂಡಿತು. ಎದ್ದವನೇ ಸೈಕಲ್ ಹತ್ತಿ ಹೋದ.

'ಹೋದ...' ಅಂದುಕೊಂಡಳು. ಅಳುವುದಕ್ಕೂ ಬೇಸರವಾಗಿ ಬೂದಿಯನ್ನು ಮಡಿಲಲ್ಲಿಟ್ಟುಕೊಂಡು ಅದೇ ಕಲ್ಲಿನ ಮೇಲೆ ಕೂತಳು.

ಅರ್ಧ ಗಂಟೆಯಲ್ಲಿ ಸೈಕಲ್ ವಾಪಸ್ ಬಂತು. ಏದುಸಿರು ಬಿಡುತ್ತಾ ಅವನು ಬುಟ್ಟಿಯ ಮುಚ್ಚಳ ತೆಗೆದ. ಮೇಡಂ! ತಿಂದು ತಿಂದು ಗುಂಡಗಾಗಿದ್ದಳು.

"ಈಗ ಇವಳೇ ಹೊಸಬಳು," ಎಂದು ಅವನು ಬಲೆಯನ್ನು ಮತ್ತೆ ಕಟ್ಟಿ ಮೇಡಂನನ್ನು ಅದರ ಮರೆಗೆ ಬಿಟ್ಟ. "ಸ್ವಲ್ಪ ದಿನ ಇಲ್ಲೇ ಇರ್ಲಿ, ಇಲ್ಲಾಂದ್ರೆ ಇವಳ ಬೆನ್ನು ಹೋಗುತ್ತೆ."

ಅತ್ತಿಗೆ ಬಾಗಿಲಿಗೆ ಬಂದರು. ಮೇಡಂನನ್ನು ನೋಡಿದರು, ಇವರಿಬ್ಬರನ್ನೂ ನೋಡಿದರು. "ಬಂತಲ್ಲ. ಹಾಗಾದ್ರೆ ಬೂದಿನೂ ಇರ್ಲಿ ಬಿಡು," ಎಂದು ಒಳಗೆ ಹೋದರು.

ಅವಳು ಕೂತಲ್ಲಿಂದಲೇ ಅವನತ್ತ ತಿರುಗಿದಳು.

"ಮತ್ತೆ ಇಷ್ಟು ದಿನ ಯಾಕೆ ತರ್ಲಿಲ್ಲ?"

ಅವನು ಬುಟ್ಟಿಯನ್ನು ಸುಮ್ಮನೆ ತಿರುಗಿಸುತ್ತಿದ್ದ. "ಮೂರು ವಾರದ ಹಿಂದೇನೇ ತರ್ಬೇಕಿತ್ತು. ತಂದಿದ್ರೆ ಇಲ್ಲಿಗೆ ಬರೋ ಕೆಲಸ ಮುಗೀತಿತ್ತು. ಅದಕ್ಕೇ... ತಪ್ಪು ನಂದು. ನಿಮ್ಮನ್ನ ನೋಡೋ ಆಸೆಗೆ ಬೂದಿ ಜೀವಕ್ಕೆ ಕುತ್ತು ತಂದೆ. ನೀವು ಅಂದ್ರೆ ನನಗೆ ತುಂಬಾ ಇಷ್ಟ. ಬೇಡ ಅಂದ್ರೆ ಬರಲ್ಲ."

ಅವಳು ಖಾಕಿ ಹೊದಿಕೆ ಸರಿಸಿ ಬೂದಿಯ ಬೆನ್ನಿನಲ್ಲಿ ಚಿಗುರುತ್ತಿದ್ದ ಮೊಳೆಪುಕ್ಕವನ್ನು ಸವರಿದಳು.

"ನನಗೆ ತುಂಬಾ ಸುಸ್ತಾಗಿದೆ," ಅಂದಳು. "ಒಂದೆರಡು ದಿನದ್ದಲ್ಲ. ಕೆಲವು ಸಂಜೆ ಮಾತಾಡೋಕೂ ಆಗಲ್ಲ ನನಗೆ."

"ನಾನೂ ಸುಮ್ನೆ ಕೂತಿರ್ತೀನಿ."

"ಬೇಜಾರಾಗಲ್ವಾ?"

"ನಿಮಗೆ ಆಗುತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಲ್ಲಿನ ಮೇಲೆ ಅವನಿಗೂ ಜಾಗವಾಗುವಂತೆ ಪಕ್ಕಕ್ಕೆ ಸ್ವಲ್ಪ ಸರಿದು ಕೂತಳು.

"ನಾಳೆ ಭಾನುವಾರ. ನನಗೆ ರಜೆ," ಅಂದಳು. "ಬೆಳಿಗ್ಗೇನೇ ಬನ್ನಿ."